ಅಮೆರಿಕದಲ್ಲಿ ಮನೆ ಮಾರುವಾಗ ಕೊಳ್ಳುವವರಿಗೆ ಹೋಮ್ ವಾರಂಟಿ ಕೊಡಬೇಕಾ?

ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಮನೆ ಮಾರುತ್ತಿದ್ದೀರಿ, ಏಸಿಗೆ 14 ವರ್ಷ ಆಗಿದೆ, ಏಜೆಂಟ್ "ಹೋಮ್ ವಾರಂಟಿ ಕೊಡ್ತೀವಿ ಅಂತ ಜಾಹೀರಾತಲ್ಲೇ ಹಾಕಿಬಿಡೋಣ" ಎನ್ನುತ್ತಿದ್ದಾರೆ, 600 ಡಾಲರ್ ಸುಮ್ನೆ ದಂಡ ಆಗಲ್ವಾ ಎಂದು ಕೇಳಿದ್ದೀರಿ. ಜೊತೆಗೆ ಗ್ಯಾರೇಜಿನ ಫ್ರಿಜ್ ಏನು ಮಾಡಲಿ ಅಂತಲೂ ಕೇಳಿದ್ದೀರಿ.

ದಂಡ ಅಲ್ಲ. ಕೊಡಿ. ಆದರೆ ಜಾಹೀರಾತಿನಲ್ಲಿ ಬೇಡ, ಕಂಪನಿಯನ್ನು ನೀವು ಆರಿಸುವುದೂ ಬೇಡ. ಯಾಕೆ ಅಂತ ಹೇಳುತ್ತೇನೆ. ನಾನು ಡಲ್ಲಾಸ್ ಪಕ್ಕದ ಪ್ಲೇನೋ ಕಡೆ ಇರುವವನು, 2016ರಲ್ಲಿ ಕೊಂಡ ಮನೆಗೆ ಇಂಥ ವಾರಂಟಿ ಪಡೆದಿದ್ದೇನೆ, 2023ರಲ್ಲಿ ಅದೇ ಮನೆ ಮಾರುವಾಗ ಕೊಟ್ಟೂ ಇದ್ದೇನೆ.

ಮೊದಲು ಇದು ಏನು ಅಂತ ಸರಿಯಾಗಿ ಗೊತ್ತಿರಲಿ. ವಾರಂಟಿ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಇದು ಇನ್ಶೂರೆನ್ಸ್ ಅಲ್ಲ, ಮನೆಗೆ ಗ್ಯಾರಂಟಿಯೂ ಅಲ್ಲ. ಒಂದು ವರ್ಷದ ರಿಪೇರಿ ಕರಾರು, ಅಷ್ಟೇ. ಏಸಿ, ಹೀಟರ್, ಬಿಸಿನೀರಿನ ಟ್ಯಾಂಕ್, ನಲ್ಲಿ ಪೈಪು, ವೈರಿಂಗ್, ಡಿಶ್‌ವಾಶರ್, ಒಲೆ ಇಂಥವು ಬಳಸಿ ಬಳಸಿ ಸವೆದು ಕೆಟ್ಟರೆ ಕಂಪನಿ ತನ್ನ ಕಡೆಯ ಮೆಕ್ಯಾನಿಕ್‌ನನ್ನು ಕಳಿಸುತ್ತದೆ. ವರ್ಷಕ್ಕೆ ಸುಮಾರು 400ರಿಂದ 700 ಡಾಲರ್. ಅದರ ಮೇಲೆ ಮೆಕ್ಯಾನಿಕ್ ಬಾಗಿಲು ತಟ್ಟಿದ ಪ್ರತಿ ಸಲವೂ 75ರಿಂದ 125 ಡಾಲರ್ ಮನೆಯವರು ಕೊಡಬೇಕು, ರಿಪೇರಿ ಆಗಲಿ ಬಿಡಲಿ. ಟೆಕ್ಸಾಸ್‌ನ ಜೇಡಿಮಣ್ಣಿಗೆ ಮನೆಯ ಪಾಯ ಬಿರುಕು ಬಿಟ್ಟರೆ ಇದು ಉಪಯೋಗಕ್ಕೆ ಬರುವುದಿಲ್ಲ. ಆಲಿಕಲ್ಲು ಬಿದ್ದು ಸೂರು ಹಾಳಾದರೂ ಇಲ್ಲ, ಅದು ಇನ್ಶೂರೆನ್ಸ್‌ನವರ ಬಾಬತ್ತು.

ನಮ್ಮಮ್ಮನಿಗೆ ಫೋನಲ್ಲಿ ಇದನ್ನು ಹೇಳಿದಾಗ ಅವರು ಕೇಳಿದ್ದು, "ಮಾರಿದ ಮೇಲೂ ಅವರ ಒಲೆ ನೀನೇ ರಿಪೇರಿ ಮಾಡಿಸ್ಕೊಡಬೇಕಾ?" ಊರಿನ ಲೆಕ್ಕದಲ್ಲಿ ಅವರ ಪ್ರಶ್ನೆ ಸರಿಯೇ. ಬೆಂಗಳೂರಲ್ಲಿ ಹೊಸ ಫ್ಲ್ಯಾಟ್ ಆದರೆ ರೇರಾ ಕಾಯ್ದೆ ಪ್ರಕಾರ ಕಟ್ಟಡದ ದೋಷಕ್ಕೆ 5 ವರ್ಷ ಬಿಲ್ಡರ್ ಜವಾಬ್ದಾರ. ಹಳೇ ಮನೆ ಮಾರಿದವರನ್ನು ಏಸಿ ರಿಪೇರಿಗೆ ಅಂತ ಯಾರೂ ಹುಡುಕಿಕೊಂಡು ಬರುವುದಿಲ್ಲ. ಇಲ್ಲಿಯೂ ನಿಯಮ ಏನಿಲ್ಲ, ರೂಢಿ ಅಷ್ಟೇ.

ಈಗ ನನ್ನ ಕಥೆ. 2016ರಲ್ಲಿ ಮನೆ ಕೊಂಡಾಗ ಮಾರಿದವರು ವಾರಂಟಿ ಕೊಟ್ಟರು, ನಾವು ಖುಷಿಪಟ್ಟೆವು. ಮುಂದಿನ ಬೇಸಿಗೆಯಲ್ಲಿ, ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿರುವಾಗ, ಒಂದು ಶುಕ್ರವಾರ ಸಂಜೆ ಏಸಿ ನಿಂತಿತು. ಹೊರಗೆ 103 ಡಿಗ್ರಿ ಫ್ಯಾರನ್‌ಹೀಟ್, ಮನೆಯಲ್ಲಿ ಎಂಟು ತಿಂಗಳ ಮಗು. ಕಂಪನಿಯವರು ಸೋಮವಾರ ಅಂದರು. ಸೋಮವಾರ ಬಂದ ಹುಡುಗ ಅಟ್ಟ ಹತ್ತಿದ. ಇಲ್ಲಿ ಏಸಿಯ ಒಳಭಾಗವನ್ನು ಅಟ್ಟದಲ್ಲಿ ಇಡುತ್ತಾರಲ್ಲ, ಬೇಸಿಗೆಯಲ್ಲಿ ಅದು ಒಲೆಯೊಳಗೆ ತಲೆ ಇಟ್ಟ ಹಾಗೆ. ನಾನೂ ಹಿಂದೆಯೇ ಹತ್ತಿದೆ. ಮೋಟಾರ್ ಸುಟ್ಟಿತ್ತು, ಅದು ನನಗೇ ಕಾಣುತ್ತಿತ್ತು. ಆದರೆ ಅವನು ಮೋಟಾರ್ ಬಿಟ್ಟು, ಕೆಳಗಿದ್ದ ನೀರಿನ ತಟ್ಟೆಯ ತುಕ್ಕಿಗೆ ಫೋನ್ ಹಿಡಿದು ನಾಲ್ಕು ಫೋಟೋ ತೆಗೆದ. ಆಮೇಲೆ ಗಾಳಿ ತಂಪು ಮಾಡುವ ಕಾಯಿಲ್ ಮೇಲಿನ ಧೂಳಿಗೆ ಇನ್ನೆರಡು. ಆಗಲೇ ನನಗೆ ಗೊತ್ತಾಯಿತು. ಎರಡು ದಿನ ಆದಮೇಲೆ ಉತ್ತರ ಬಂತು: ಸರಿಯಾಗಿ ಸರ್ವಿಸ್ ಮಾಡಿಸಿಲ್ಲ, ಕರಾರು ಶುರುವಾಗುವ ಮೊದಲೇ ಇದ್ದ ತೊಂದರೆ, ಆದ್ದರಿಂದ ಕೊಡುವುದಿಲ್ಲ. ಸರ್ವಿಸ್ ಮಾಡಿಸಿದ ಬಿಲ್ ಇದೆಯಾ ಎಂದು ಕೇಳಿದರು. ನಮ್ಮ ಹತ್ತಿರ ಎಲ್ಲಿಂದ ಬರಬೇಕು, ಮಾರಿದವರು ಒಂದು ಚೀಟಿಯನ್ನೂ ಬಿಟ್ಟುಹೋಗಿರಲಿಲ್ಲ.

ಆವತ್ತು ನನಗೆ ಸಿಟ್ಟು ಬಂದಿದ್ದು ಕಂಪನಿಯ ಮೇಲಲ್ಲ, ಮನೆ ಮಾರಿದವರ ಮೇಲೆ. ಅವರ ತಪ್ಪು ಇರಲಿಲ್ಲ, ಆದರೂ ಬಂತು. ಅವರು ಆರಿಸಿ ಕೊಟ್ಟ ಕಂಪನಿ ಅಲ್ವಾ.

ಅದಕ್ಕೇ ಹೇಳುವುದು, ಆರಿಸುವ ಕೆಲಸ ಕೊಳ್ಳುವವರಿಗೇ ಬಿಡಿ. ಟೆಕ್ಸಾಸ್‌ನ ಮಾಮೂಲಿ ಮಾರಾಟ ಕರಾರಿನಲ್ಲಿ ಇದಕ್ಕೆ ಜಾಗವೇ ಇದೆ. 7ನೇ ಪ್ಯಾರಾದ ಎಚ್ ಭಾಗ ನೋಡಿ, "ರೆಸಿಡೆನ್ಷಿಯಲ್ ಸರ್ವಿಸ್ ಕಾಂಟ್ರ್ಯಾಕ್ಟ್" ಅಂತ ಇರುತ್ತದೆ, ವಾರಂಟಿಗೆ ಕಾಗದದ ಮೇಲಿನ ಹೆಸರು ಅದು. ಕೊಳ್ಳುವವರು ಅಂಥ ಕರಾರು ಮಾಡಿಕೊಂಡರೆ ಮಾರುವವರು ಇಷ್ಟು ಡಾಲರ್ ಮೀರದಂತೆ ಕ್ಲೋಸಿಂಗ್ ದಿನ, ಅಂದರೆ ಮನೆ ಕೈಬದಲಾಗುವ ದಿನ, ತುಂಬಿಕೊಡಬೇಕು ಎಂದು ಬರೆದು, ಮೊತ್ತಕ್ಕೆ ಒಂದು ಖಾಲಿ ಗೆರೆ ಬಿಟ್ಟಿರುತ್ತಾರೆ. ಇದು ಕಡ್ಡಾಯ ಅಲ್ಲ ಅಂತಲೂ ಅಲ್ಲೇ ಇದೆ. ಆ ಗೆರೆಯ ಮೇಲೆ 600 ಎಂದು ಬಂದರೆ (ಕರಾರು ಮೊದಲೇ ಆಗಿದ್ದರೆ ತಿದ್ದುಪಡಿಯ ಮೂಲಕ) ನಿಮ್ಮ ಕೆಲಸ ಮುಗಿಯಿತು. ನೀವು ಮುಂಗಡ ಏನೂ ಕಟ್ಟಬೇಕಿಲ್ಲ, ಮಾರಿದ ದುಡ್ಡಿನಲ್ಲೇ ಮುರಿದುಕೊಳ್ಳುತ್ತಾರೆ.

ಜಾಹೀರಾತಿನಲ್ಲಿ ಯಾಕೆ ಬೇಡ ಅಂದೆ? ಮೊದಲೇ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ. ತಾವು ಮಾಡಿಸುವ ಮನೆ ತಪಾಸಣೆ ಮುಗಿದ ಮೇಲೆ ಕೊಳ್ಳುವವರು ಒಂದು ಪಟ್ಟಿ ತರುತ್ತಾರೆ, ತಂದೇ ತರುತ್ತಾರೆ. ಏಸಿ ಹಳೆಯದು, 3,000 ಇಳಿಸಿ ಅಂತ. ಆಗ ನಿಮ್ಮ ಕೈಯಲ್ಲಿ ಕೊಡಲು ಏನಾದರೂ ಇರಬೇಕು. ನಮ್ಮದೂ ಹಾಗೇ ಆಯಿತು. ಅವರು 2,500 ಕೇಳಿದರು, ನಾವು ವಾರಂಟಿಗೆ 600, ಜೊತೆಗೆ 500 ಅಂದೆವು, ಒಪ್ಪಿದರು. ಮಾರ್ಕೆಟ್ ತೀರಾ ಮಂಕಾಗಿದ್ದು ಮನೆ ನೋಡಲೇ ಜನ ಬರುತ್ತಿಲ್ಲ ಅಂದರೆ ಮಾತು ಬೇರೆ, ಆಗ ಹಾಕಿ ನೋಡಿ.

ಆದರೆ ಒಂದು ಎಚ್ಚರ. ಏಸಿ ಈಗಾಗಲೇ ಕೈಕೊಡುತ್ತಿದೆ ಅಂತ ನಿಮಗೆ ಗೊತ್ತಿದ್ದರೆ ವಾರಂಟಿ ಹೊದಿಸಿ ಮುಚ್ಚಬೇಡಿ. ಟೆಕ್ಸಾಸ್‌ನಲ್ಲಿ ಮಾರುವವರು ಮನೆಯ ತೊಂದರೆಗಳ ಬಗ್ಗೆ ಡಿಸ್‌ಕ್ಲೋಶರ್ ಫಾರಂ ತುಂಬಿಕೊಡಲೇಬೇಕು. ಗೊತ್ತಿದ್ದದ್ದನ್ನು ಬರೆಯದೆ ಬಿಟ್ಟರೆ, ಕಂಪನಿ "ಮೊದಲೇ ಇದ್ದ ತೊಂದರೆ" ಎಂದು ಕೈಚೆಲ್ಲುತ್ತದೆ, ಕೊಳ್ಳುವವರು ವಕೀಲರ ಜೊತೆ ನಿಮ್ಮ ಮನೆಗೇ ಬರುತ್ತಾರೆ. ಇನ್ನೊಂದು, ಏಸಿಯ ಮೇಲಿನ ಚೀಟಿ ಓದಿ. ಅದರಲ್ಲಿ ಆರ್-22 ಗ್ಯಾಸ್ (ತಂಪು ಮಾಡಲು ಬಳಸುತ್ತಿದ್ದ ಹಳೇ ಗ್ಯಾಸ್) ಅಂತಿದ್ದರೆ ವಾರಂಟಿಯಿಂದ ಜಾಸ್ತಿ ಏನೂ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಆ ಗ್ಯಾಸ್ ತಯಾರಿಕೆ, ಆಮದು ಎರಡೂ ಅಮೆರಿಕದಲ್ಲಿ 2020ರ ಜನವರಿ 1ಕ್ಕೆ ನಿಂತುಹೋಗಿವೆ. ಸಿಗುವುದು ದುಬಾರಿ, ಗ್ಯಾಸಿಗೆ ಇಷ್ಟೇ ಕೊಡುತ್ತೇವೆ ಎಂದು ಎಷ್ಟೋ ಕರಾರುಗಳಲ್ಲಿ ಮಿತಿ ಇರುತ್ತದೆ. ಹಾಗಿದ್ದರೆ 600 ಡಾಲರ್ ವಾರಂಟಿಯ ಮಾತು ಬಿಟ್ಟು ಬೆಲೆಯಲ್ಲೇ ನೇರವಾಗಿ ಇಳಿಸಿ.

ಏಸಿ ಚೆನ್ನಾಗಿ ಓಡುತ್ತಿದೆ, ಬರೀ ವಯಸ್ಸಾಗಿದೆ ಅಂದರೆ ಈ ವಾರವೇ ಒಬ್ಬ ಏಸಿಯವನನ್ನು ಕರೆಸಿ ಪೂರ್ತಿ ಸರ್ವಿಸ್ ಮಾಡಿಸಿ. ನನಗೆ 180 ಡಾಲರ್ ಆಯಿತು. ಬಿಲ್ಲಿನಲ್ಲಿ ಕಾಯಿಲ್ ತೊಳೆದದ್ದು, ನೀರಿನ ಪೈಪು ಸ್ವಚ್ಛ ಮಾಡಿದ್ದು ಬಿಡಿಸಿ ಬರೆಸಿಕೊಂಡೆ. ಹಳೇ ಬಿಲ್‌ಗಳ ಜೊತೆ ಸೇರಿಸಿ ಒಂದು ಫೈಲ್ ಮಾಡಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಬಂದೆ. ಆರು ವಾರಕ್ಕೇ ಫೈಲ್ ಕೆಲಸಕ್ಕೆ ಬಂತು, ಆದರೆ ಏಸಿಗಲ್ಲ, ಬಿಸಿನೀರಿನ ಟ್ಯಾಂಕಿಗೆ. 50 ಗ್ಯಾಲನ್‌ನ ಟ್ಯಾಂಕ್ ತಳದಲ್ಲಿ ಸೋರತೊಡಗಿತಂತೆ. ನಮ್ಮ ಏಜೆಂಟ್ ಮೂಲಕ ವಿಷಯ ಗೊತ್ತಾಯಿತು. ಫೈಲಿನಲ್ಲಿದ್ದ ಸರ್ವಿಸ್ ಬಿಲ್ ಕಳಿಸಿದ್ದಕ್ಕೆ ಕಂಪನಿ ಹೊಸ ಟ್ಯಾಂಕ್ ಹಾಕಿಸಿತು. ಪೂರ್ತಿ ಬಿಟ್ಟಿ ಅಲ್ಲ, ಪರ್ಮಿಟ್, ಬಿಸಿನೀರು ಹಿಗ್ಗಿದಾಗ ಒತ್ತಡ ತಡೆಯುವ ಎಕ್ಸ್‌ಪ್ಯಾನ್ಶನ್ ಟ್ಯಾಂಕ್, ಹಳೇದನ್ನು ಹೊತ್ತೊಯ್ಯುವ ಕೂಲಿ ಅಂತ ಕೊಂಡವರ ಕೈಯಿಂದಲೂ ನಾನೂರು ಚಿಲ್ಲರೆ ಹೋಯಿತು. ಆದರೂ ನನಗೆ ಒಂದು ಫೋನ್ ಬರಲಿಲ್ಲ ನೋಡಿ. ಆ 600 ಡಾಲರ್ ನಾನು ಕೊಟ್ಟದ್ದು ಅದಕ್ಕೇ ಅಂದುಕೊಂಡಿದ್ದೇನೆ.

ಏಜೆಂಟ್ ಒಂದೇ ಕಂಪನಿಯ ಹೆಸರು ಹೇಳಿ ಒತ್ತಾಯ ಮಾಡಿದರೆ, ನಿಮಗೆ ಅವರಿಂದ ಏನಾದರೂ ಬರುತ್ತಾ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ವಾರಂಟಿ ಕಂಪನಿಗಳು ಏಜೆಂಟರಿಗೆ ದುಡ್ಡು ಕೊಡುವುದು ಎಷ್ಟು ಮಾಮೂಲಿ ಆಗಿತ್ತು ಎಂದರೆ, ಸುಮ್ನೆ ಗಿರಾಕಿ ತಂದುಕೊಟ್ಟದ್ದಕ್ಕೆ ಹಣ ಕೊಡುವ ಹಾಗಿಲ್ಲ ಎಂದು ಅಮೆರಿಕದ ಕೇಂದ್ರ ವಸತಿ ಇಲಾಖೆ 2010ರಲ್ಲಿ ಪ್ರತ್ಯೇಕವಾಗಿ ಬರೆದು ಹೇಳಬೇಕಾಯಿತು. ನಿಮ್ಮವರು ಹಾಗೆ ಅಂತ ಅಲ್ಲ, ಕೇಳುವುದರಲ್ಲಿ ತಪ್ಪಿಲ್ಲ.

ಕೊಳ್ಳುವವರ ಏಜೆಂಟ್ "ಆಮೇಲೆ ಬೇಕಾದರೆ ತಗೊಳ್ತೀವಿ, ಈಗ ಆ ದುಡ್ಡು ಕೈಗೆ ಕೊಡಿ" ಅಂದರೆ ಒಂದು ವಿಷಯ ನೆನಪಿಸಿ. ಮನೆ ಕೊಳ್ಳುವಾಗಲೇ ತೆಗೆದುಕೊಂಡ ವಾರಂಟಿ ಸಾಮಾನ್ಯವಾಗಿ ಕ್ಲೋಸಿಂಗ್ ದಿನದಿಂದಲೇ ಶುರು. ಆಮೇಲೆ ತೆಗೆದುಕೊಂಡರೆ ಸಾಮಾನ್ಯವಾಗಿ 30 ದಿನ ಕಾಯಬೇಕು.

ಗ್ಯಾರೇಜಿನ ಫ್ರಿಜ್: ಎರಡನೇ ಫ್ರಿಜ್ ಮಾಮೂಲಿ ಪ್ಲಾನ್‌ನಲ್ಲಿ ಬರುವುದಿಲ್ಲ, ಬೇರೆ ದುಡ್ಡು ಕೊಟ್ಟು ಸೇರಿಸಬೇಕು. ಬಿಟ್ಟುಹೋಗುವುದಾದರೆ ಕರಾರಿನ ಜೊತೆಗಿನ ಸಾಮಾನುಗಳ ಕಾಗದದಲ್ಲಿ ಸ್ಪಷ್ಟವಾಗಿ ಬರೆಸಿ. ನಾನಾಗಿದ್ದರೆ ಹೊಸ ಮನೆಗೆ ಹೊತ್ತುಕೊಂಡು ಹೋಗುತ್ತೇನೆ, ದೋಸೆ ಹಿಟ್ಟಿಗೆ ಬೇಕಾಗುತ್ತದೆ.