ಸ್ಟ್ರೋಕ್ ರೋಗಿಯ ಮಂಚದ ಪಕ್ಕ ರೋಬಾಟ್: ಓದುಗರಿಗೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ರೋಗಿಯ ಮೈ ಮುಟ್ಟಿಯೂ ನೋಡದ ಡಾಕ್ಟರು ಎಲ್ಲೋ ಕೂತು, ರೋಬಾಟ್ ಮೂಲಕ ಸ್ಟ್ರೋಕ್‌ಗೆ ಔಷಧಿ ಹೇಳಿದರೆ ನಂಬುವುದು ಹೇಗೆ ಎಂದು ಕೇಳಿದ್ದೀರಿ. ಫೋನಿನಲ್ಲೇ ವಿಚಾರಿಸಿದರೆ ಸಾಲದಾ ಅಂತಲೂ ಬರೆದಿದ್ದೀರಿ. ನಿಮ್ಮ ಆತಂಕ ಸಹಜ. ಆದರೆ ತಜ್ಞರೇ ಇಲ್ಲದ ಕಡೆ ಇದನ್ನು ನಂಬಬಹುದು ಅಂತಲೇ ನಾನು ಹೇಳುತ್ತೇನೆ.

ಈ ರೋಬಾಟ್ ತಾನಾಗಿ ಚಿಕಿತ್ಸೆ ಮಾಡುವುದಿಲ್ಲ. ಗಾಲಿಯ ಮೇಲೆ ಓಡಾಡುವ ಯಂತ್ರ ಅದು. ಮೇಲೊಂದು ಪರದೆ, ಕ್ಯಾಮೆರಾ, ಮೈಕು, ಅಷ್ಟೇ. ದೂರದಲ್ಲಿರುವ ನರರೋಗ ತಜ್ಞರೇ ಅದನ್ನು ಮಂಚದ ಹತ್ತಿರ ತರುತ್ತಾರೆ. "ಹಲ್ಲು ತೋರಿಸಿ" ಅನ್ನುತ್ತಾರೆ, ಬಾಯಿ ಸೊಟ್ಟಗಾಗುತ್ತದಾ ಅಂತ ಗಮನಿಸುತ್ತಾರೆ. ಒಂದೊಂದೇ ತೋಳನ್ನು 10 ಸೆಕೆಂಡ್ ಎತ್ತಿ ಹಿಡಿಯಲು ಹೇಳಿ, ಕೆಳಗೆ ಜಾರುತ್ತದಾ ನೋಡುತ್ತಾರೆ. ಬೇಕೆಂದರೆ ಕ್ಯಾಮೆರಾ ಜೂಮ್ ಮಾಡಿ ಕಣ್ಣಿನ ಪಾಪೆಯನ್ನೂ ನೋಡುತ್ತಾರೆ. ಸ್ಟ್ರೋಕ್ ಪರೀಕ್ಷೆಯಲ್ಲಿ ಜಾಸ್ತಿ ಪಾಲು ನೋಡುವುದು, ಮಾತಾಡಿಸುವುದೇ ಅಲ್ವಾ? ಮುಟ್ಟಿ, ಚುಚ್ಚಿ ನೋಡುವ ಕೆಲಸವನ್ನು ಪಕ್ಕದಲ್ಲಿರುವ ನರ್ಸ್ ಮಾಡುತ್ತಾರೆ.

ಇಷ್ಟೆಲ್ಲ ಅವಸರ ಯಾಕೆ? ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ಡಾ. ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ಮೆದುಳಿನಲ್ಲಿ ರಕ್ತ ಸೋರಿದ್ದರೆ ಅದೇ ಔಷಧಿ ಪ್ರಾಣಕ್ಕೆ ಕುತ್ತು. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್. ತಜ್ಞರು ಆ ಚಿತ್ರವನ್ನೂ ಕೂತಲ್ಲೇ ನೋಡಿ ತೀರ್ಮಾನಿಸುತ್ತಾರೆ.

ಇನ್ನು ಫೋನಿನ ವಿಷಯ. 2008ರಲ್ಲಿ ಪ್ರಕಟವಾದ ಅಮೆರಿಕದ 'ಸ್ಟ್ರೋಕ್ ಡಾಕ್' ಅಧ್ಯಯನದಲ್ಲಿ ವಿಡಿಯೊ ಮೂಲಕ ಕೈಗೊಂಡ ತೀರ್ಮಾನಗಳಲ್ಲಿ ಶೇ 98 ಸರಿಯಾಗಿದ್ದವು. ಫೋನಿನಲ್ಲಿ ಶೇ 82. ನನಗೆ ಇದು ಸಣ್ಣ ಅಂತರವಲ್ಲ.

ನನ್ನ ಚಿಂತೆ ಬೇರೆ. ರೋಬಾಟ್ ತಂದು ನಿಲ್ಲಿಸಿ, ರಾತ್ರಿ ಪಾಳಿಯಲ್ಲಿ ಸ್ಕ್ಯಾನ್ ಮಾಡುವವರೇ ಇಲ್ಲದಿದ್ದರೆ ಏನು ಬಂತು? ಇಂಜೆಕ್ಷನ್ ದಾಸ್ತಾನು ಬೇಕು, ತರಬೇತಿ ಪಡೆದ ನರ್ಸ್ ಬೇಕು, ಕೈಕೊಡದ ಇಂಟರ್ನೆಟ್ ಬೇಕು. ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ ಹೆಪ್ಪು ಹೊರತೆಗೆಯಬೇಕಾದವರನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲು ಆಂಬುಲೆನ್ಸ್ ಸಿದ್ಧವಿರಬೇಕು. ಯಂತ್ರ ಕೊಳ್ಳುವ ಆಸ್ಪತ್ರೆಗಳು ಮೊದಲು ಇದಕ್ಕೆ ದುಡ್ಡು ಎತ್ತಿಡಲಿ.

ಮನೆಯವರು ಮಾಡಬೇಕಾದದ್ದೂ ಒಂದಿದೆ. ರೋಗಿ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳಿ. ಅದು ತಿಳಿಯದೆ ಇಂಜೆಕ್ಷನ್ ಕೊಡಬಹುದೋ ಇಲ್ಲವೋ ಎಂದು ಹೇಳುವುದು ತಜ್ಞರಿಗೂ ಕಷ್ಟ.

– ಸಂಪಾದಕ