ಮಕಾವ್ ಗಿಳಿಯ ಕೆನ್ನೆ ಕಪ್ಪಾದರೆ ಉಜ್ಜಬೇಡಿ

ಹಳೆಯ ಪಕ್ಷಿಚಿತ್ರಗಳ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ನಾನು ಉತ್ತರಿಸುವಷ್ಟರಲ್ಲಿ ಯಾರಾದರೂ ಚಿತ್ರ ಹಾಳು ಮಾಡಿಕೊಂಡಾರು ಅನ್ನೋದೇ ನನ್ನ ಆತಂಕ. ಅದಕ್ಕೇ ಈ ಸಲ ಜಾಸ್ತಿ ಜಾಗ ಅದಕ್ಕೆ.

ಪ್ರಶ್ನೆ: ಹದಿನೆಂಟನೇ ಶತಮಾನದ ಇಂಗ್ಲಿಷ್ ಪಕ್ಷಿಚಿತ್ರಕಾರ ಜಾರ್ಜ್ ಎಡ್ವರ್ಡ್ಸ್ ಬರೆದ ಮಕಾವ್ ಗಿಳಿಯ ಚಿತ್ರವನ್ನು ಹರಾಜಿನಲ್ಲಿ ಕೊಂಡೆವು. ಕೆಳಗೆ ಅವನ ಹೆಸರು, ಇಸವಿ ಎಲ್ಲ ಇದೆ. ಆದರೆ ಬೆಳ್ಳಗಿರಬೇಕಾದ ಕೆನ್ನೆ ಮಸಿ ಬಳಿದಂತಿದೆ. ಇದು ನಕಲಿಯೇ? ನಿಂಬೆರಸ ಹಚ್ಚಿ ಒರೆಸಿ ಅಂತ ಅಂಗಡಿಯವರು ಹೇಳುತ್ತಾರೆ.

ಉತ್ತರ: ಮೊದಲು ಆ ನಿಂಬೆಹಣ್ಣನ್ನು ಅಡುಗೆಮನೆಗೆ ವಾಪಸ್ ಕಳಿಸಿ. ಹುಳಿ ಕಾಗದವನ್ನು ತಿನ್ನುತ್ತದೆ, ನೀರು ತಗುಲಿದರೆ ಗೋಂದಿನಲ್ಲಿ ಕಲಸಿದ ಬಣ್ಣ ಎದ್ದುಬರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಎನ್ನುವವರೂ ಇದ್ದಾರೆ. ಕಾಗದ ಸಂರಕ್ಷಣೆ ಕಲಿತವರು ಅದನ್ನು ಬಳಸುವುದು ನಿಜ. ಆದರೆ ಅವರು ಚುಕ್ಕೆ ಚುಕ್ಕೆಯಾಗಿ, ಪರೀಕ್ಷೆ ಮಾಡಿ ಬಳಸುತ್ತಾರೆ. ಮನೆಯಲ್ಲಿ ಹತ್ತಿ ಅದ್ದಿ ಉಜ್ಜುವ ಕೆಲಸ ಅದಲ್ಲ.

ಕೆನ್ನೆ ಕಪ್ಪಾದ ಮಾತ್ರಕ್ಕೆ ಚಿತ್ರ ನಕಲಿ ಆಗುವುದಿಲ್ಲ. ಆಗ ಸೀಸದಿಂದ ಮಾಡಿದ ಬಿಳಿ ಬಣ್ಣ ಬಳಸುತ್ತಿದ್ದರು. ಗಾಳಿಯಲ್ಲಿ, ಕಲ್ಲಿದ್ದಲ ಹೊಗೆಯಲ್ಲಿ ಇರುವ ಗಂಧಕದ ಅನಿಲ ತಾಗಿದರೆ ಅದು ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ.

ಹಾಗಂತ ಇಸವಿ ನೋಡಿ ನಂಬಲೂಬೇಡಿ. ಅದು ಅಚ್ಚಿಗೆಂದು ತಾಮ್ರದ ತಗಡು ಕೊರೆದ ಇಸವಿ, ನಿಮ್ಮ ಹಾಳೆ ಅಚ್ಚಾದ ಇಸವಿ ಅಲ್ಲ. ಎಡ್ವರ್ಡ್ಸ್ ತನ್ನ ಪಕ್ಷಿಗ್ರಂಥದ ನಾಲ್ಕು ಸಂಪುಟಗಳನ್ನು 1743ರಿಂದ 1751ರವರೆಗೆ ಹೊರತಂದ. ತಾಮ್ರದ ತಗಡುಗಳನ್ನು ತಾನೇ ಕೊರೆದ. ಮುಂದೆ ಆ ತಗಡುಗಳು ರಾಬ್ಸನ್ ಎಂಬ ಪುಸ್ತಕ ವ್ಯಾಪಾರಿಯ ಕೈಗೆ ಹೋದವು. ತಗಡು ಇದ್ದರೆ ಎಷ್ಟೋ ವರ್ಷಗಳ ನಂತರವೂ ಅದೇ ಇಸವಿಯೊಂದಿಗೆ ಅಚ್ಚು ತೆಗೆಯಬಹುದು. ಹಾಗಾಗಿ ಕಾಗದ ನೋಡಿ. ಬೆಳಕಿಗೆ ಹಿಡಿದಾಗ ಒತ್ತಾದ ಗೆರೆಗಳು ಕಾಣುತ್ತವೆಯೇ? ಅಂಚಿನಲ್ಲಿ ತಗಡು ಒತ್ತಿದ ಗುರುತಿದೆಯೇ? ಗೆರೆಗಳು ಹಳೆಯ ಕಾಗದದ ಸೂಚನೆ, ಒತ್ತಿದ ಗುರುತು ತಗಡಿನ ಅಚ್ಚಿನ ಸೂಚನೆ. ಭೂತಗನ್ನಡಿಯಲ್ಲಿ ಬಣ್ಣದ ಪುಟ್ಟ ಚುಕ್ಕೆಗಳು ಸಾಲಾಗಿ ಕಂಡರೆ ಅದು ಈಗಿನ ಮುದ್ರಣ, ಅಷ್ಟೇ.

ಬಣ್ಣ ಗಾಢವಾಗಿದ್ದರೆ ಅಸಲಿ ಎಂಬ ನಂಬಿಕೆಯಂತೂ ನನಗೆ ಸಿಟ್ಟು ತರಿಸುತ್ತದೆ. ಅಚ್ಚಾಗುತ್ತಿದ್ದದ್ದು ಬರೀ ಗೆರೆ. ಬಣ್ಣವನ್ನು ಒಂದೊಂದು ಪ್ರತಿಗೂ ಕೈಯಿಂದಲೇ ಹಚ್ಚಬೇಕಿತ್ತು. ಮುಂದೆ ಯಾರ್‍ಯಾರೋ ಮನಬಂದಂತೆ ಹಚ್ಚಿಯಾರು ಅಂತ ಎಡ್ವರ್ಡ್ಸ್‌ಗೇ ಭಯವಿತ್ತು. ಅದಕ್ಕೇ ಸರಿಯಾಗಿ ಬಣ್ಣ ಹಚ್ಚಿದ ಮಾದರಿ ಪ್ರತಿಯನ್ನು ತಾನು ಗ್ರಂಥಪಾಲಕನಾಗಿದ್ದ ಲಂಡನ್ನಿನ ವೈದ್ಯರ ಕಾಲೇಜಿನಲ್ಲಿ ಇಡಿಸಿದ. ಅಷ್ಟು ಕಾಳಜಿ ಮಾಡಿದವನ ಚಿತ್ರಕ್ಕೆ ಈಗಿನ ವ್ಯಾಪಾರಿಗಳು ಹೊಸ ಬಣ್ಣ ಬಳಿದು ಮಾರುತ್ತಾರೆ. ಇದು ಮೋಸ.

ಪ್ರಶ್ನೆ: ಯುರೋಪಿನ ಹಳೆಯ ಚಿತ್ರಗಳಲ್ಲಿ ಸ್ವರ್ಗಪಕ್ಷಿಗೆ ಕಾಲೇ ಇಲ್ಲ. ಬರೆದವರು ಅದನ್ನು ಸರಿಯಾಗಿ ನೋಡಿರಲಿಲ್ಲ ಅಲ್ವಾ?

ಉತ್ತರ: ಯುರೋಪಿಗೆ ಬರುತ್ತಿದ್ದದ್ದು ನ್ಯೂಗಿನಿ ಕಡೆಯ, ಕಾಲು ತೆಗೆದು ಒಣಗಿಸಿದ ಚರ್ಮ. ಬರೆದವರು ಆ ಚರ್ಮವನ್ನು ಚೆನ್ನಾಗಿಯೇ ನೋಡಿದ್ದರು, ಕಂಡಂತೆಯೇ ಬರೆದರು.

ಪ್ರಶ್ನೆ: ಕೋಲ್ಕತ್ತದ ಪಕ್ಷಿಚಿತ್ರಗಳನ್ನು ಲೇಡಿ ಇಂಪಿ ಬರೆದದ್ದಲ್ಲವೇ?

ಉತ್ತರ: ಅಲ್ಲ. ಲೇಡಿ ಇಂಪಿ, ಅಂದರೆ ಕೋಲ್ಕತ್ತದ ಆಗಿನ ಮುಖ್ಯ ನ್ಯಾಯಾಧೀಶರ ಪತ್ನಿ ಮೇರಿ ಇಂಪಿ, ಪಕ್ಷಿಗಳನ್ನು ಸಾಕಿದರು, ಚಿತ್ರ ಬರೆಸಿದರು. 1777ರಿಂದ ಅವರ ಮನೆಯಲ್ಲಿ ಬರೆದವರು ಪಾಟ್ನಾ ಕಡೆಯ ಶೇಖ್ ಜೈನ್ ಉದ್ದೀನ್, ಭವಾನಿ ದಾಸ್, ರಾಮ್ ದಾಸ್. ಹಾಳೆಗಳ ಮೇಲೆ ಅವರ ಹೆಸರೇ ಇದೆ. ಆದರೂ ಎಲ್ಲವನ್ನೂ ‘ಇಂಪಿ ಚಿತ್ರ’ ಅಂದು ಸುಮ್ಮನಾಗುತ್ತೇವೆ. ದಯವಿಟ್ಟು ಕಲಾವಿದರ ಹೆಸರು ಮೊದಲು ಬರೆಯಿರಿ.

ಪ್ರಶ್ನೆ: ಹಳೇ ಪುಸ್ತಕದಿಂದ ಚಿತ್ರ ಕತ್ತರಿಸಿ ತೆಗೆದು ಫ್ರೇಮ್ ಹಾಕಿಸಬಹುದೇ?

ಉತ್ತರ: ಬೇಡ. ಬ್ಲೇಡು ಕೆಳಗಿಡಿ.

ಪ್ರಶ್ನೆ: ಫೋಟೋ ಕಳಿಸಿದರೆ ಬೆಲೆ ಹೇಳುತ್ತೀರಾ?

ಉತ್ತರ: ಇಲ್ಲ. ಫೋಟೋದಲ್ಲಿ ಕಾಗದ ಗೊತ್ತಾಗುವುದಿಲ್ಲ.