ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಬಾಗಿಲಿಗೆ ಅಡ್ಡ ನಿಲ್ಲುವವರಿಗೆ ಬುದ್ಧಿ ಕಲಿಸುವುದು ಹೇಗೆ?

ಬಾಗಿಲಲ್ಲಿ ಕಲ್ಲುಕಂಬದ ಹಾಗೆ ನಿಲ್ಲುವವರು, ಬೆನ್ನಿನ ಬ್ಯಾಗಿನಿಂದ ಮುಖಕ್ಕೆ ಬಡಿಯುವವರು, ಸ್ಪೀಕರ್ ಹಾಕಿ ವಿಡಿಯೊ ನೋಡುವವರು, ನೂಕುನುಗ್ಗಲಿನಲ್ಲಿ ಬೇಕಂತಲೇ ಮೈ ಮುಟ್ಟುವವರು. ಇವರೆಲ್ಲ ಸಂಸ್ಕಾರ ಇಲ್ಲದವರು, ಇವರ ಫೋಟೊ ತೆಗೆದು ಎಲ್ಲರಿಗೂ ತೋರಿಸಿದರೆ ಸರಿಹೋಗುತ್ತಾರಾ ಅಂತ ಕೇಳಿದ್ದೀರಿ. ನಾನೂ ಹೀಗೇ ಹಲ್ಲು ಕಡಿಯುತ್ತಾ ಓಡಾಡಿದವನು. ಬಾಗಿಲಲ್ಲಿ ನಿಂತವರಿಂದಲೇ ನನಗೆ ಒಂದು ಕೆಲಸ ತಪ್ಪಿತು ಅಂತ ಬಹಳ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಅವತ್ತು ಇಂಟರ್‌ವ್ಯೂ ಇತ್ತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸರ್ಟಿಫಿಕೇಟ್ ಫೈಲು, ಬೆನ್ನಿಗೆ ಬ್ಯಾಗು. ಹತ್ತಿದ ಕೂಡಲೇ ಒಳಗೆ ಸರಿದು ಸೀಟುಗಳ ನಡುವೆ ನಿಂತೆ. ಅಲ್ಲಿ ಜಾಗ ಚೆನ್ನಾಗಿತ್ತು. ಫೈಲು ಮಡಚದ ಹಾಗೆ ಎದೆಗೆ ಒತ್ತಿಕೊಂಡು, ಅವರು ಏನು ಕೇಳಬಹುದು, ನಾನು ಏನು ಹೇಳಬೇಕು ಅಂತ ಮನಸ್ಸಲ್ಲೇ ಉರು ಹೊಡೆಯುತ್ತಿದ್ದೆ. ನನ್ನ ಸ್ಟೇಷನ್‌ಗೆ ಒಂದು ಸ್ಟೇಷನ್ ಮುಂಚೆ ಜನ ನುಗ್ಗಿದರು. ನಾನು ಅಲ್ಲಾಡಲಿಲ್ಲ. ನನ್ನ ಸ್ಟೇಷನ್ ಬಂತು, ರೈಲು ನಿಂತಿತು. ಆಗ ಹೊರಟೆ.

ತಪ್ಪಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಬಹಳ ಜನರಿಗೆ ಇದು ತಪ್ಪು ಅಂತಲೇ ಅನಿಸಲ್ಲ. ರೈಲು ಒಂದು ಸ್ಟೇಷನ್‌ನಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ಆ ಹೊತ್ತಿನಲ್ಲಿ ಬಾಗಿಲ ಪಕ್ಕ ಇದ್ದವರು ಇಳಿಯುತ್ತಾರೆ, ಅವರ ಹಿಂದೆಯೇ ಪ್ಲಾಟ್‌ಫಾರ್ಮ್‌ನವರು ಹತ್ತುತ್ತಾರೆ. ಇಳಿಯುವವರ ಸಾಲು ಒಮ್ಮೆ ತುಂಡಾದರೆ ಮುಗಿಯಿತು, ಹತ್ತುವವರು ಕಾಯಲ್ಲ. ನಾನು ಆ ಸಾಲಲ್ಲಿ ಇರಲೇ ಇಲ್ಲ. ಸಾಲು ಮುಗಿದ ಮೇಲೆ, ಎದುರಿಂದ ಬರುವ ಜನರೊಳಗೆ ತಲೆ ತೂರಿಸಿದೆ. 'ದಾರಿ ಬಿಡ್ರೀ, ಮನುಷ್ಯರಾ ನೀವು?' ಅಂತ ಕೂಗಿದೆ. ದಾರಿ ಬಿಡಬೇಕು ಅಂದುಕೊಂಡವರಿಗೂ ಸರಿಯಲು ಜಾಗ ಇರಲಿಲ್ಲ. ಸಾಲದ್ದಕ್ಕೆ ನನ್ನ ಬ್ಯಾಗಿನ ಪಟ್ಟಿ ಒಬ್ಬ ಹೆಂಗಸಿನ ಬ್ಯಾಗಿನ ಬಕಲ್‌ಗೆ ಸಿಕ್ಕಿಕೊಂಡಿತು. ನಾನು ಮುಂದೆ, ಬ್ಯಾಗು ಹಿಂದೆ. ಅದನ್ನು ಜಗ್ಗಿದಾಗ ಆ ಹೆಂಗಸೂ ಜೊತೆಗೇ ಬಂದರು. ಬಿಡಿಸಿಕೊಳ್ಳುವಷ್ಟರಲ್ಲಿ ರೈಲು ಹೊರಟಿತು.

ಮುಂದಿನ ಸ್ಟೇಷನ್‌ನಲ್ಲಿ ಇಳಿದು, ವಾಪಸ್ ರೈಲು ಹಿಡಿದು, ಓಡಿ ಹೋಗುವಷ್ಟರಲ್ಲಿ ನನ್ನ ಸರದಿ ದಾಟಿತ್ತು. ಕೊನೆಯಲ್ಲಿ ನೋಡೋಣ ಅಂದರು, ಕೊನೆಯಲ್ಲಿ ಎದ್ದು ಹೋದರು.

ಆಮೇಲೆ ನಾನು ಏನು ಮಾಡಿದೆ ಗೊತ್ತಾ? ಬಾಗಿಲಲ್ಲಿ ನಿಲ್ಲೋಕೆ ಶುರು ಮಾಡಿದೆ. ಕೊನೇ ಸ್ಟೇಷನ್‌ಗೆ ಹೋಗುವುದಿದ್ದರೂ ಕಂಬ ತಬ್ಬಿಕೊಂಡು ಅಲ್ಲೇ. ಜನ ಬೈದರೂ ಕೇಳಿಸದ ಹಾಗೆ ಇದ್ದೆ. ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿರುವ 'ಸಂಸ್ಕಾರ ಇಲ್ಲದವರು' ಅನ್ನುವ ಮಾತನ್ನು ನಾನು ಒಪ್ಪಲ್ಲ. ಬಾಗಿಲಲ್ಲಿ ನಿಂತವರಲ್ಲಿ ಬಹಳ ಜನರಿಗೆ ಇರುವುದು ಹೆದರಿಕೆ. ಒಳಗೆ ಹೋದರೆ ಇಳಿಯೋಕೆ ಆಗಲ್ಲ ಅನ್ನುವ ಹೆದರಿಕೆ. ಅಂಥವರಿಗೆ ಬುದ್ಧಿ ಹೇಳಿದರೆ ಕಂಬವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ನನಗೆ ಇದನ್ನು ಬಿಡಿಸಿದ್ದು ದಿನಾ ಅದೇ ಬೋಗಿಯಲ್ಲಿ ಬರುತ್ತಿದ್ದ ಒಬ್ಬ ಹಿರಿಯರು. ಅವರು ಇಳಿಯುವ ಸ್ಟೇಷನ್‌ಗೆ ಇನ್ನೂ ಎರಡು ಸ್ಟೇಷನ್ ಇದೆ ಅನ್ನುವಾಗಲೇ ಎದ್ದು, ಮುಂದಿನವರ ಭುಜದ ಹತ್ತಿರ ಬಗ್ಗಿ ಮೆಲ್ಲಗೆ ಕೇಳುತ್ತಿದ್ದರು: 'ಮುಂದೆ ಇಳೀತೀರಾ?' ಇಲ್ಲ ಅಂದರೆ ಇವರು ಅರ್ಧ ತಿರುಗಿ, ಅವರು ಅರ್ಧ ತಿರುಗಿ, ಜಾಗ ಅದಲುಬದಲು. ಇಳೀತೀನಿ ಅಂದರೆ ಅವರ ಹಿಂದೆಯೇ ನಿಲ್ಲುವುದು. ಹಾಗೆ ಒಬ್ಬೊಬ್ಬರನ್ನೇ ಕೇಳುತ್ತಾ ಬಾಗಿಲು ಮುಟ್ಟುತ್ತಿದ್ದರು. ಒಂದು ದಿನ ನನ್ನನ್ನೂ ಕೇಳಿದರು. ಇಲ್ಲ ಅಂದೆ. 'ಹಾಗಾದ್ರೆ ಇಲ್ಲಿ ಯಾಕಪ್ಪಾ ಒದೆ ತಿಂತೀಯ, ಒಳಗೆ ಫ್ಯಾನ್ ಇದೆ' ಅಂದರು. ಅಷ್ಟೇ. ಅವರ ಹಾಗೆ ಮುಂಚೆಯೇ ಹೊರಟರೆ ಒಳಗಿನಿಂದಲೂ ಇಳಿಯಬಹುದು ಅಂತ ಗೊತ್ತಾದ ಮೇಲೆ ನಾನು ಬಾಗಿಲು ಬಿಟ್ಟೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆಯವರ ಮೇಲೆ. ಮುಚ್ಚುತ್ತಿರುವ ಬಾಗಿಲಿಗೆ ಕೈಯೋ ಬ್ಯಾಗೋ ಕೊಟ್ಟು ತೆರೆಸುವವರು. ಮೆಟ್ರೊದಂಥ ರೈಲುಗಳಲ್ಲಿ ಎಲ್ಲ ಬಾಗಿಲೂ ಮುಚ್ಚಿ ಲಾಕ್ ಆಗದೆ ಗಾಡಿ ಮುಂದೆ ಹೋಗಲ್ಲ. ಒಬ್ಬನಿಗಾಗಿ ಇಡೀ ರೈಲು ನಿಲ್ಲಬೇಕು. ಒಂದೊಂದು ಸ್ಟೇಷನ್‌ನಲ್ಲಿ 10 ಸೆಕೆಂಡ್ ಜಾಸ್ತಿ ಹೋದರೆ 12 ಸ್ಟೇಷನ್‌ಗೆ 2 ನಿಮಿಷ. 3 ನಿಮಿಷಕ್ಕೊಂದು ರೈಲು ಇರುವ ಕಡೆ 2 ನಿಮಿಷ ಅಂದರೆ ಹಿಂದಿನ ರೈಲು ಸಿಗ್ನಲ್‌ನಲ್ಲಿ ನಿಂತಿರುತ್ತದೆ. ಮುಂದಿನ ಪ್ಲಾಟ್‌ಫಾರ್ಮ್‌ನಲ್ಲಿ ಅಷ್ಟರಲ್ಲಿ ಜನ ಇನ್ನೂ ಸೇರಿರುತ್ತಾರೆ, ಅವರು ಹತ್ತೋಕೆ ಇನ್ನೂ ಹೊತ್ತು ಬೇಕು, ರೈಲು ಇನ್ನೂ ತಡ. ನೀವು ಶಪಿಸುವ ನೂಕುನುಗ್ಗಲಿಗೆ ಇದೂ ಒಂದು ಕಾರಣ.

ಇನ್ನೊಂದು, ನಾವು ಶಿಸ್ತು ಅಂದುಕೊಂಡದ್ದೆಲ್ಲ ಕೆಲಸಕ್ಕೆ ಬರಲ್ಲ. ಲಂಡನ್‌ನಲ್ಲಿ ಎಸ್ಕಲೇಟರ್‌ನ ಬಲಗಡೆ ನಿಲ್ಲಬೇಕು, ಎಡಗಡೆ ನಡೆಯುವವರಿಗೆ ಬಿಡಬೇಕು ಅನ್ನುವುದು ಹಳೇ ಪದ್ಧತಿ. 2015ರ ಕೊನೆಯಲ್ಲಿ ಅಲ್ಲಿನ ಹೋಲ್ಬರ್ನ್ ಮೆಟ್ರೊ ಸ್ಟೇಷನ್‌ನಲ್ಲಿ 3 ವಾರ ಜನರನ್ನು ಎರಡೂ ಕಡೆ ನಿಲ್ಲಿಸಿ ನೋಡಿದರು. ಜನದಟ್ಟಣೆಯ ಹೊತ್ತಲ್ಲಿ ಜಾಸ್ತಿ ಜನ ಮೇಲೆ ಬಂದರು. ಅಷ್ಟು ಉದ್ದದ ಎಸ್ಕಲೇಟರನ್ನು ನಡೆದು ಹತ್ತುವವರು ಕಡಿಮೆ, ಹಾಗಾಗಿ ಎಡಗಡೆ ಸುಮ್ನೆ ಖಾಲಿ ಹೋಗುತ್ತಿತ್ತು. ಆದರೂ ಪ್ರಯಾಣಿಕರು ಗೊಣಗಿದರು. ಅಭ್ಯಾಸ ತಪ್ಪಿಸಿದರೆ ಯಾರಿಗೂ ಸಿಟ್ಟೇ ಅಲ್ವಾ?

ಬ್ಯಾಗಿನ ವಿಷಯದಲ್ಲಿ ನನ್ನದು ಹಟ. ಹತ್ತುವ ಮುಂಚೆಯೇ ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳಿ, ಇಲ್ಲಾ ಕಾಲುಗಳ ನಡುವೆ ಇಟ್ಟುಕೊಳ್ಳಿ. ಜಪಾನಿನ ರೈಲುಗಳಲ್ಲೂ ಇದನ್ನೇ ಕೇಳಿಕೊಳ್ಳುತ್ತಾರೆ. ಬೆನ್ನಿನ ಬ್ಯಾಗು ಯಾರ ಮೂಗಿಗೆ ಬಡಿಯಿತು ಅಂತ ಹಾಕಿಕೊಂಡವನಿಗೆ ಕಾಣುವುದೇ ಇಲ್ಲ. ಬೇರೆಯವರ ಬ್ಯಾಗು ತಾಗಿದರೆ 'ಸರ್, ಬ್ಯಾಗ್ ಸ್ವಲ್ಪ ಮುಂದೆ ಹಾಕ್ಕೊಳ್ಳಿ' ಅನ್ನಿ. ಹೆಚ್ಚಿನವರು ಸಾರಿ ಅಂತ ತೆಗೆಯುತ್ತಾರೆ.

ನೂಕುನುಗ್ಗಲಿನಲ್ಲಿ ಬೇಕಂತಲೇ ಮೈ ಮುಟ್ಟುವವರನ್ನೂ ನೀವು ಇದೇ ಪಟ್ಟಿಗೆ ಸೇರಿಸಿದ್ದೀರಿ. ಅದನ್ನು ಪಟ್ಟಿಯಿಂದ ತೆಗೆಯಿರಿ. ಅದು ಅಪರಾಧ. ಅಲ್ಲಿ ಮೆಲ್ಲಗೆ ಕೇಳುವುದೆಲ್ಲ ಬೇಡ, ಜೋರಾಗಿ ಕೂಗಿ, ಪಕ್ಕದವರನ್ನು ಕರೆಯಿರಿ, ರೈಲ್ವೆ ಸಿಬ್ಬಂದಿಗೆ ಹೇಳಿ.

ಫೋಟೊ ತೆಗೆದು ಹಾಕುವುದು ಬೇಡವೇ ಬೇಡ. ಆ ಫೋಟೊದಲ್ಲಿ ಬಾಗಿಲಲ್ಲಿ ನಿಂತದ್ದು ಮಾತ್ರ ಕಾಣುತ್ತೆ, ಅವರು ಮುಂದಿನ ಸ್ಟೇಷನ್‌ನಲ್ಲೇ ಇಳಿದರು ಅನ್ನುವುದು ಕಾಣಲ್ಲ. ನಾಳೆ ಅದೇ ಬೋಗಿಯಲ್ಲಿ ಅದೇ ಮುಖ ನೋಡಬೇಕಾದವರು ನೀವೇ. ಇನ್ನು ಸ್ಪೀಕರ್‌ನವರು. ಸೌಂಡ್ ಕಡಿಮೆ ಮಾಡ್ತೀರಾ ಅಂತ ಒಮ್ಮೆ ಕೇಳುತ್ತೇನೆ. ಮಾಡದಿದ್ದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಪಕ್ಕದ ಬೋಗಿ ಹತ್ತುತ್ತೇನೆ.